ಪಾಸಿನವರು

ಫೆಬ್ರವರಿ ೪

ಪ್ರೀತಿಯ ಗುಬ್ಬಿ,

ಫೋನ್ ಇರುವಾಗ ಅತ್ತಿಗೆ ಕಾಗದ ಹಿಡಿದು ಕೂತಿದ್ದಾಳೆಂದು ನಗಬೇಡ. ನಮಗಿರುವುದು ಎರಡು ಕೋಣೆ. ನಾನು ಪಿಸುಗುಟ್ಟಿದರೂ ನಿನ್ನ ಅಣ್ಣನಿಗೆ ಕೇಳಿಸುತ್ತದೆ. ಮೂತ್ರಪಿಂಡ ಕೈಕೊಟ್ಟರೂ ಕಿವಿ ಮಾತ್ರ ಗ್ಯಾರೇಜಿನ ಕಾಲದ್ದೇ. ಬೀದಿಯಲ್ಲಿ ಹೋಗುವ ಕಾರಿನ ಸದ್ದು ಕೇಳಿಯೇ, ‘ಇವನು ಇನ್ನೊಂದು ವಾರದಲ್ಲಿ ನಡುರಸ್ತೇಲಿ ನಿಲ್ತಾನೆ ನೋಡು’ ಎನ್ನುತ್ತಾರೆ. ಮೂವತ್ತು ವರ್ಷ ಊರಿನವರ ಕಾರೆಲ್ಲ ರಿಪೇರಿ ಮಾಡಿದ ಮನುಷ್ಯ, ಸ್ವಂತಕ್ಕೆ ಒಂದು ಗಾಲಿಯನ್ನೂ ಕೊಳ್ಳಲಿಲ್ಲ. ಬಸ್ಸಿದೆಯಲ್ಲ ಎನ್ನುತ್ತಿದ್ದರು.

ಆ ಬಸ್ಸು ಒಂದನೇ ತಾರೀಖಿನಿಂದ ನಿಂತುಹೋಯಿತು. ಇಪ್ಪತ್ತೇಳನೇ ನಂಬರು. ಬೆಳಿಗ್ಗೆ ಒಂದು ಗಂಟೆ ಕಾದ ಮೇಲೆ ಯಾರೋ ಕಂಬಕ್ಕೆ ಅಂಟಿಸಿದ್ದ ಚೀಟಿ ನೋಡಿದರು. ನಮ್ಮ ಮೇಲಿನ ಮನೆಯ ಟೀಚರಮ್ಮ ಭೂತಗನ್ನಡಿ ಹಿಡಿದು ಓದಿದರು: ‘ಪ್ರಯಾಣಿಕರ ಕೊರತೆಯಿಂದಾಗಿ ಈ ಮಾರ್ಗದ ಸೇವೆಯನ್ನು ಮರುಹೊಂದಿಸಲಾಗಿದೆ.’ ‘ಮರುಹೊಂದಿಸೋದು ಅಂದ್ರೆ?’ ಎಂದು ಆಸ್ಪತ್ರೆಯಲ್ಲಿ ಕಸ ಗುಡಿಸುವ ಹೆಂಗಸು ಕೇಳಿದಳು. ‘ತೆಗೆದುಹಾಕೋದು ಅಂತ. ನಾಚಿಕೆ ಇರೋವ್ರು ಹಾಗೆ ಬರೀತಾರೆ’ ಎಂದರು ಟೀಚರಮ್ಮ. ಆ ಹೆಂಗಸು ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿದ್ದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಿನ್ನ ಅಣ್ಣನ ಚಿಂತೆ ನಿನಗೆ ಬೇಡ. ಗ್ಯಾರೇಜಿನ ಮಾಲೀಕರು ವಾರಕ್ಕೆ ಮೂರು ದಿನವೂ ಕಾರು ಕಳಿಸುತ್ತಾರೆ. ಡಯಾಲಿಸಿಸ್ ತಪ್ಪಿಲ್ಲ. ನನ್ನ ಚಿಂತೆ ಉಳಿದವರದ್ದು.

ನೀನು ಅದೇ ಬಸ್ ಕಂಪನಿಯ ದೊಡ್ಡ ಆಫೀಸಿನಲ್ಲಿ ಇರುವವಳು. ನಮ್ಮನೆ ಹುಡುಗಿ ಅಲ್ಲಿದ್ದಾಳೆಂದು ನಿಲ್ದಾಣದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಅರ್ಜಿ ಯಾರಿಗೆ ಬರೆಯಬೇಕು, ತಿಳಿಸು.

ನಿನ್ನ ಅತ್ತಿಗೆ


ಫೆಬ್ರವರಿ ೧೫

ಪೂಜ್ಯ ಅತ್ತಿಗೆಗೆ,

ನಿಮ್ಮ ಅಕ್ಷರ ನೋಡಿ ಎಷ್ಟೋ ವರ್ಷವಾಗಿತ್ತು. ಶಾಲೆಯ ದಿನಗಳಲ್ಲಿ ನನ್ನ ಊಟದ ಡಬ್ಬಿಯೊಳಗೆ ಚೀಟಿ ಬರೆದಿಡುತ್ತಿದ್ದಿರಿ. ಅದೇ ದುಂಡು ಅಕ್ಷರ.

ಅರ್ಜಿಯನ್ನು ಗ್ರಾಹಕ ವಿಭಾಗಕ್ಕೆ ಬರೆಯಬಹುದು, ವಿಳಾಸವನ್ನು ಕೆಳಗೆ ಕೊಟ್ಟಿದ್ದೇನೆ. ಆದರೆ ಇಂಥ ತೀರ್ಮಾನಗಳು ಸಾಮಾನ್ಯವಾಗಿ ಅಂಕಿಅಂಶಗಳ ಮೇಲೆ ನಿಂತಿರುತ್ತವೆ. ನಾನು ನೋಡಿದ ಮಟ್ಟಿಗೆ ಇಪ್ಪತ್ತೇಳರಲ್ಲಿ ಸರಾಸರಿ ಒಂದು ಓಟಕ್ಕೆ ನಾಲ್ಕು ಜನ ಪ್ರಯಾಣಿಕರು. ನಾಲ್ಕು ಜನರಿಗಾಗಿ ಅಷ್ಟು ದೊಡ್ಡ ಬಸ್ಸು ಓಡಿಸುವುದು ಕಷ್ಟ ಎಂದು ಮೇಲಿನವರು ಹೇಳುತ್ತಾರೆ. ಕಂಪನಿಯ ಬಾಡಿಗೆ ಕಾರುಗಳನ್ನು ಫೋನಿನಲ್ಲಿ ಕರೆಸಿಕೊಳ್ಳಬಹುದಂತೆ. ಟೀಚರಮ್ಮನವರಿಗೆ ಯಾರಾದರೂ ಅದನ್ನು ಕಲಿಸಿಕೊಟ್ಟರೆ ಅನುಕೂಲವಾಗಬಹುದು.

ಗ್ಯಾರೇಜಿನ ಮಾಲೀಕರು ಅಣ್ಣನನ್ನು ಕೈಬಿಡಲಿಲ್ಲವೆಂದು ತಿಳಿದು ಮನಸ್ಸು ನಿರಾಳವಾಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಗುಬ್ಬಿ


ಫೆಬ್ರವರಿ ೨೬

ಗುಬ್ಬಿ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಆಫೀಸಿನಲ್ಲಿ ಚೆನ್ನಾಗಿ ಕಲಿಸಿದ್ದಾರೆ. ಹೋಗಲಿ. ‘ನಾಲ್ಕು ಜನ’ ಎಂದು ನೀನು ಬರೆದದ್ದನ್ನು ನಿಲ್ದಾಣದಲ್ಲಿ ಓದಿ ಹೇಳಿದೆ. ನಗು ಹತ್ತಿಕೊಂಡು ಒಬ್ಬರಿಗೆ ಕೆಮ್ಮು ಬಂತು. ಆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ ದಿನವನ್ನು ನಾವು ಒಳ್ಳೆಯ ದಿನ ಎನ್ನುತ್ತಿದ್ದೆವು.

ಆಮೇಲೆ ಟೀಚರಮ್ಮ ಕೂತು ಯೋಚಿಸಿದರು. ಬಾಗಿಲ ಹತ್ತಿರ ಒಂದು ಯಂತ್ರವಿದೆಯಲ್ಲ, ಟಿಕೆಟ್ ಕಾರ್ಡು ತೋರಿಸಿದರೆ ಟಿಣ್ ಎನ್ನುವುದು. ಮುದುಕರದು, ಅಂಗವಿಕಲರದು, ರೋಗಿಗಳದು ಉಚಿತ ಪಾಸು. ಕಾಗದದ ಪಾಸು ತೋರಿಸಿದರೆ ಯಂತ್ರ ಟಿಣ್ ಎನ್ನುವುದಿಲ್ಲ. ಚಾಲಕ, ‘ಹೋಗಿ ಕೂತ್ಕೊಳಮ್ಮ’ ಎನ್ನುತ್ತಾನೆ, ನಾವು ಹೋಗಿ ಕೂರುತ್ತೇವೆ. ಹಾಗಾದರೆ ಟಿಣ್ ಎಂದವರಷ್ಟೇ ನಿಮ್ಮ ನಾಲ್ಕು ಜನ. ನಾವು ಉಳಿದವರು ಗಾಳಿ.

ಬಾಡಿಗೆ ಕಾರನ್ನೂ ಕರೆದು ನೋಡಿದೆವು. ಗಾಲಿಕುರ್ಚಿ ಕಂಡ ಕೂಡಲೇ ಕಾರು ನಿಧಾನ ಮಾಡುತ್ತದೆ, ಆಮೇಲೆ ಜೋರಾಗಿ ಹೋಗುತ್ತದೆ. ಮೂರು ಸಲ ಹಾಗಾಯಿತು. ಈಗ ನಮಗೆಲ್ಲ ಹನ್ನೊಂದನೇ ನಂಬರ್ ಬಸ್ಸೇ ಗತಿ. ಎರಡು ಕಾಲು.

ಆಸ್ಪತ್ರೆಗೆ ನಾಲ್ಕು ಕಿಲೋಮೀಟರು. ನಡುವೆ ಎಂಟು ಸಾಲಿನ ಹೆದ್ದಾರಿ. ಕಾಲುಸೇತುವೆಗೆ ಐವತ್ತೆಂಟು ಮೆಟ್ಟಿಲು, ಲಿಫ್ಟ್ ಕೆಟ್ಟು ಎರಡು ವರ್ಷ. ಹಾಗಾಗಿ ದೂರದ ಸಿಗ್ನಲ್ಲಿನ ತನಕ ಹೋಗಿ, ದಾಟಿ, ಮತ್ತೆ ಹಿಂದಕ್ಕೆ ಬರಬೇಕು. ನಡೆಯುವವರಿಗೆ ಹಸಿರು ದೀಪ ಹದಿನೆಂಟು ಸೆಕೆಂಡು. ಒಬ್ಬೊಬ್ಬರೇ ಹೋದರೆ ಯಾವ ಕಾರೂ ನಮ್ಮನ್ನು ಲೆಕ್ಕಿಸುವುದಿಲ್ಲ. ಒಟ್ಟಿಗೆ ಹೋಗೋಣ ಎಂದು ನಾನೇ ಹೇಳಿದೆ. ಯಾರೋ ಹೊಲಿಸಲು ಕೊಟ್ಟು ಮರೆತ ಕಿತ್ತಳೆ ಬಣ್ಣದ ಪರದೆ ಬಟ್ಟೆ ನನ್ನ ಹತ್ತಿರ ರಾಶಿ ಇತ್ತು. ತೋಳಿಲ್ಲದ ಮೇಲಂಗಿ ಹೊಲಿದೆ, ಎಲ್ಲರಿಗೂ ಒಂದೊಂದು. ಈಗ ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ಕೋಲಿನವರು ಮುಂದೆ, ಕಣ್ಣು ಕಾಣದವರು ನಡುವೆ, ಗಾಲಿಕುರ್ಚಿ ತಳ್ಳುವವರು ಹಿಂದೆ. ಟೀಚರಮ್ಮ ರಸ್ತೆಯ ಮಧ್ಯೆ ನಿಂತು ಕೋಲೆತ್ತಿ, ಮಗ್ಗಿ ಹೇಳಿಸುವ ದನಿಯಲ್ಲಿ ಒಂದು, ಎರಡು, ಮೂರು ಎನ್ನುತ್ತಾರೆ. ಹದಿನೆಂಟಕ್ಕೆ ಮುಗಿಯದಿದ್ದರೆ ಹತ್ತೊಂಬತ್ತು, ಇಪ್ಪತ್ತು ಎಂದು ಮುಂದುವರಿಸುತ್ತಾರೆ. ಕಾರಿನವರು ಹಾರನ್ ಹೊಡೆದರೆ, ‘ಇನ್ನೂ ಲೆಕ್ಕ ಮುಗಿದಿಲ್ಲ’ ಎನ್ನುತ್ತಾರೆ. ನೀನು ನೋಡಬೇಕಿತ್ತು.

ಚಿಕಿತ್ಸೆಗೆ ಹೋಗುವ ಒಬ್ಬರನ್ನು ನಾನೇ ತಳ್ಳುತ್ತೇನೆ. ಭಾರದ ಮನುಷ್ಯ. ಆದರೆ ದಾರಿಯುದ್ದಕ್ಕೂ ಜೋಕು ಹೇಳುತ್ತಾರೆ, ಕೈನೋವು ಗೊತ್ತಾಗುವುದಿಲ್ಲ.

ಅತ್ತಿಗೆ


ಮಾರ್ಚ್ ೯

ಅತ್ತಿಗೆ,

ನಿಮ್ಮ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ಟೀಚರಮ್ಮ ಹೇಳಿದ್ದು ಸರಿ. ಬಸ್ಸಿನಲ್ಲಿ ಎರಡು ಎಣಿಕೆ ಇರುತ್ತವೆ. ಒಂದು ಟಿಕೆಟ್ ಯಂತ್ರದ್ದು. ಇನ್ನೊಂದು ಬಾಗಿಲಿನದು, ಹತ್ತಿದವರನ್ನೆಲ್ಲ ಎಣಿಸುತ್ತದೆ. ಬಾಗಿಲಿನ ಎಣಿಕೆಯನ್ನು ತೆಗೆದು ನೋಡಿದೆ. ಇಪ್ಪತ್ತೇಳರಲ್ಲಿ ಒಂದು ಓಟಕ್ಕೆ ನಲವತ್ಮೂರು ಜನ.

ಮ್ಯಾನೇಜರ ಬಳಿಗೆ ಹೋದೆ. ಅವರು ಕೆಟ್ಟ ಮಾತಾಡುವವರಲ್ಲ, ಯಾವಾಗಲೂ ಕುರ್ಚಿ ತೋರಿಸಿ ಕೂರಿಸಿ ಮಾತಾಡುತ್ತಾರೆ.

‘ಪಾಸಿನವರು ಪ್ರಯಾಣಿಕರಲ್ವಾ ಸಾರ್?’ ಎಂದೆ.

‘ಅವರು ಬಸ್ಸಲ್ಲಿ ಇರ್ತಾರಮ್ಮ. ಲೆಕ್ಕದಲ್ಲಿ ಇರಲ್ಲ.’

‘ನಲವತ್ಮೂರು ಜನ ಸಾರ್.’

‘ನೋಡಿ, ಡಿಪೊ ಜಾಗದಲ್ಲಿ ಕಾರು ನಿಲ್ಲಿಸೋಕೆ ಆರು ಮಹಡಿ ಕಟ್ಟಡ ಬರ್ತಿದೆ. ಬಸ್ಸಿದ್ರೆ ಡಿಪೊ ಬೇಕು. ಡಿಪೊ ಇದ್ರೆ ಕಟ್ಟಡ ಇಲ್ಲ. ನೀವು ಬುದ್ಧಿವಂತರು, ಬಿಡಿಸಿ ಹೇಳಬೇಕಾ?’

ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲೇ ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ಒಪ್ಪುವ ಸಂಖ್ಯೆಯನ್ನು ಹುಡುಕಿದ್ದಾರೆ. ಆ ಸಂಖ್ಯೆಗಳ ಪಟ್ಟಿ ಮಾಡಿದವಳು ನನಗೆ ಗೊತ್ತು ಅತ್ತಿಗೆ. ಕೆಟ್ಟವಳಲ್ಲ. ಹೇಳಿದ್ದನ್ನು ಮಾಡಿದಳು.

ನೀವೊಂದು ಕೆಲಸ ಮಾಡುವಿರಾ? ಪಾಸು ಇರುವವರ ಹೆಸರು, ವಿಳಾಸ, ಯಾವ ದಿನ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಬರೆಸಿ, ಸಹಿ ಹಾಕಿಸಿ. ಯಂತ್ರದ ಜೊತೆಗೆ ಮನುಷ್ಯರೂ ಹೇಳಬೇಕು.

ಗುಬ್ಬಿ


ಮಾರ್ಚ್ ೧೭

ಗುಬ್ಬಿ,

ಟೀಚರಮ್ಮ ಹಾಜರಿ ಪುಸ್ತಕ ಮಾಡಿಕೊಂಡು ಮನೆಮನೆ ಹತ್ತಿಳಿಯುತ್ತಿದ್ದಾರೆ. ನಾನು ಜೊತೆಗಿದ್ದೇನೆ. ನೂರಾ ಎಂಬತ್ತು ದಾಟಿದೆ. ಆರು ವಾರದಿಂದ ಮನೆಯಿಂದ ಹೊರಗೆ ಕಾಲಿಡದವರು ಎಷ್ಟು ಜನ ಇದ್ದಾರೆಂದು ಬಾಗಿಲು ತಟ್ಟಿದಾಗಲೇ ಗೊತ್ತಾಗಿದ್ದು.

ಪಟ್ಟಿ ಮಾಡಿದವಳು ಕೆಟ್ಟವಳಲ್ಲ ಎಂದು ಬರೆದಿದ್ದೀಯ. ಇರಬಹುದು. ಕೆಟ್ಟವರನ್ನು ಬಯ್ದು ಸುಮ್ಮನಾಗಬಹುದು. ಒಳ್ಳೆಯವರು ಇಂಥದ್ದನ್ನು ಮಾಡಿದರೆ ಏನು ಮಾಡುವುದು ಎಂದೇ ತೋಚುವುದಿಲ್ಲ.

ಹೆಚ್ಚು ಬರೆಯಲಾರೆ. ಸೋಮವಾರ ಸಿಗ್ನಲ್ಲಿನ ಹತ್ತಿರ ಪೈಪು ಒಡೆದು ರಸ್ತೆಯೆಲ್ಲ ನೀರು. ಕುರ್ಚಿ ಮುಂದೆ ಹೋಗಲಿಲ್ಲ, ವಾಪಸ್ ಬಂದೆವು. ಅವರ ಕಾಲು ಊದಿಕೊಂಡಿದೆ. ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಾರೆ, ಕೂತೇ ನಿದ್ದೆ ಮಾಡುತ್ತಾರೆ. ನಾಳೆ ಬೇಗ ಹೊರಡಬೇಕು.

ಅತ್ತಿಗೆ


ಮಾರ್ಚ್ ೨೩

ಅತ್ತಿಗೆ,

‘ಅವರ ಕಾಲು’ ಎಂದು ಬರೆದಿದ್ದಿರಿ. ಯಾರ ಕಾಲು ಎಂದು ಬರೆಯಲಿಲ್ಲ. ಕಾಗದ ಬಂದ ದಿನವೇ ಗ್ಯಾರೇಜಿನ ಮಾಲೀಕರಿಗೆ ಫೋನ್ ಮಾಡಿದೆ. ಗ್ಯಾರೇಜು ಮುಚ್ಚಿ ಮಗಳ ಊರಿಗೆ ಹೋಗಿ ಐದು ತಿಂಗಳಾಯಿತಂತೆ. ‘ಕಾರಾ? ಯಾವ ಕಾರಮ್ಮ?’ ಎಂದರು.

ಭಾರದ ಮನುಷ್ಯ, ದಾರಿಯುದ್ದಕ್ಕೂ ಜೋಕು ಹೇಳುವವರು. ಎರಡು ಸಲ ಓದಿಯೂ ನನಗೆ ಹೊಳೆಯಲಿಲ್ಲ. ನನ್ನ ಅಣ್ಣನನ್ನು ನಾನೇ ಗುರುತು ಹಿಡಿಯಲಿಲ್ಲ.

ಈಗ ನನ್ನ ಸುಳ್ಳು. ಆ ಪಟ್ಟಿ ಮಾಡಿದವಳು ನಾನು.

ಅಕ್ಟೋಬರಿನಲ್ಲಿ ಮೂವತ್ತೊಂದು ಮಾರ್ಗಗಳ ಪಟ್ಟಿ ನನ್ನ ಮೇಜಿಗೆ ಬಂತು. ಪರದೆಯ ಮೇಲೆ ಎರಡು ಕಾಲಂ ಇದ್ದವು, ಟಿಕೆಟ್ ಮತ್ತು ಬಾಗಿಲು. ‘ಬಾಗಿಲಿಂದು ಬೇಡ, ಅದು ಸರಿಯಾಗಿ ಎಣಿಸಲ್ಲ’ ಎಂದರು ಮ್ಯಾನೇಜರು. ಏಕೆ ಎಂದು ನಾನು ಕೇಳಲಿಲ್ಲ. ಕಾಲಂ ಮುಚ್ಚಿದೆ. ಒಂದು ಮಧ್ಯಾಹ್ನದ ಕೆಲಸ. ಇಪ್ಪತ್ತೇಳು ಬಂದಾಗ ಕೈ ಒಂದು ಗಳಿಗೆ ನಿಂತಿತು. ನಾನು ಕಾಲೇಜಿಗೆ ಹೋದ ಬಸ್ಸು, ಅಣ್ಣ ಚಿಕಿತ್ಸೆಗೆ ಹೋಗುವ ಬಸ್ಸು. ನಮ್ಮನೆಯವರು ಹೇಗೋ ನಿಭಾಯಿಸುತ್ತಾರೆ, ಅತ್ತಿಗೆ ಇದ್ದಾರಲ್ಲ ಎಂದುಕೊಂಡೆ. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಆಗಲೂ ನೀವು ಇದ್ದಿರಿ. ನಿಮ್ಮ ಗಟ್ಟಿತನವನ್ನೇ ನೆಪ ಮಾಡಿಕೊಂಡು ಕೆಳಗೆ ನನ್ನ ಹೆಸರು ಹಾಕಿದೆ.

ಕ್ಷಮಿಸಿ ಎಂದು ಕೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಅಣ್ಣ ಹೇಗಿದ್ದಾರೆ, ಅದೊಂದು ಬರೆಯಿರಿ.

ಗುಬ್ಬಿ


ಏಪ್ರಿಲ್ ೧೨

ಅತ್ತಿಗೆ,

ಮೂರು ವಾರವಾಯಿತು. ಫೋನ್ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಟೀಚರಮ್ಮನವರಿಂದ ಮಾತ್ರ ಒಂದು ಲಕೋಟೆ ಬಂದಿದೆ, ಒಳಗೆ ಇನ್ನೂರಾ ಹದಿನಾಲ್ಕು ಸಹಿಗಳ ನಕಲು, ಒಂದು ಸಾಲಿನ ಕಾಗದ: ‘ನಿನ್ನ ಅಣ್ಣ ಆಸ್ಪತ್ರೆಯಲ್ಲಿದ್ದಾರೆ, ಸುಧಾರಿಸುತ್ತಿದ್ದಾರೆ.’

ಇಪ್ಪತ್ತೆಂಟಕ್ಕೆ ನಿಮ್ಮ ನಗರಸಭೆಯಲ್ಲಿ ಸಾರ್ವಜನಿಕ ವಿಚಾರಣೆ ಇದೆ. ಕಂಪನಿ ನನ್ನ ಪಟ್ಟಿಯನ್ನೇ ಅಲ್ಲಿ ಇಡುತ್ತದೆ. ನಿಮಗೆ ನನ್ನ ಮುಖ ನೋಡುವ ಇಷ್ಟವಿಲ್ಲದೆ ನಾನು ಅಲ್ಲಿಗೆ ಬರುವುದು ಸರಿಯಲ್ಲ. ಮಾಡಬೇಕಾದದ್ದನ್ನು ಇಲ್ಲಿಂದಲೇ ಮಾಡುತ್ತೇನೆ.

ಗುಬ್ಬಿ


ಮೇ ೨

ಗುಬ್ಬಿ,

ನಿನಗೆ ನಾಲ್ಕು ಕಾಗದ ಬರೆದು ನಾಲ್ಕನ್ನೂ ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು, ಹರಿದದ್ದು ಒಳ್ಳೆಯದೇ ಆಯಿತು. ಮನೆಯಲ್ಲಿ ಫೋನ್ ಎತ್ತುವವರು ಯಾರೂ ಇರಲಿಲ್ಲ, ನಾನು ವಾರ್ಡಿನಲ್ಲಿದ್ದೆ. ನಿನ್ನ ಅಣ್ಣನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐದು ವಾರ ಅಲ್ಲೇ ಮಲಗಿದ್ದರು. ನಾಲ್ಕನೇ ದಿನ ಡಾಕ್ಟರು, ‘ಇವರು ಬದುಕಿದ್ದು ಇವರ ಹಟಕ್ಕೆ’ ಎಂದರು. ‘ಹಟ ನನ್ದಲ್ಲ ಡಾಕ್ಟ್ರೇ, ಹಿಂದೆ ನಿಂತಿದಾಳಲ್ಲ ಅವಳ್ದು’ ಎಂದರು ನಿನ್ನ ಅಣ್ಣ. ಈಗ ಮನೆಗೆ ಬಂದಿದ್ದಾರೆ.

ಗಟ್ಟಿಯವಳು ಎಂದು ಹೆಸರು ಬಂದವರ ತಲೆಯ ಮೇಲೆ ಎಲ್ಲರೂ ಹೊರೆ ಇಡುತ್ತಾರೆ ಗುಬ್ಬಿ. ನೀನೂ ಇಟ್ಟೆ ಎಂದು ನೋವಾಯಿತು. ಆದರೆ ವಾರ್ಡಿನಲ್ಲಿ ಕೂತು ಯೋಚಿಸಿದರೆ, ಆ ಹೆಸರನ್ನು ಉಳಿಸಿಕೊಳ್ಳಲು ಕಾರಿನ ಸುಳ್ಳು ಕಟ್ಟಿದವಳು ನಾನೇ. ಮೊದಲ ಕಾಗದದಲ್ಲೇ ನಿಜ ಬರೆದಿದ್ದರೆ ನೀನು ಆಗಲೇ ಎದ್ದು ಕೂರುತ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡುತ್ತಿದ್ದೇವೆಂದುಕೊಂಡು ನಿನ್ನ ಅಣ್ಣನನ್ನು ಬಿಸಿಲಲ್ಲಿ ನಿಲ್ಲಿಸಿದೆವು.

ಇನ್ನು ವಿಚಾರಣೆ. ನಾವು ಕಿತ್ತಳೆ ಅಂಗಿ ಹಾಕಿಕೊಂಡು ನಡೆದೇ ಹೋದೆವು. ಕಂಪನಿಯವರು ದೊಡ್ಡ ಪರದೆಯ ಮೇಲೆ ನಿನ್ನ ‘ನಾಲ್ಕು’ ತೋರಿಸಿದರು. ಆಮೇಲೆ ಗುಮಾಸ್ತ ಎದ್ದು, ಬಂದ ಪತ್ರಗಳನ್ನು ಓದುತ್ತೇನೆ ಎಂದ. ಕಿರಾಣಿ ಚೀಟಿ ಓದುವ ದನಿಯಲ್ಲಿ ಓದಿದ: ‘ಈ ಪಟ್ಟಿಯನ್ನು ಮಾಡಿದವಳು ನಾನು. ಇದು ತಪ್ಪು. ಬಾಗಿಲಿನ ಎಣಿಕೆಯನ್ನು ಮುಚ್ಚಿ ಎಂದು ನನಗೆ ಹೇಳಲಾಯಿತು, ನಾನು ಮುಚ್ಚಿದೆ. ನಿಜವಾದ ಸಂಖ್ಯೆ ನಲವತ್ಮೂರು. ಮೂವತ್ತೊಂದು ಮಾರ್ಗಗಳ ನಿಜವಾದ ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ.’ ಕೆಳಗೆ ನಿನ್ನ ಪೂರ್ತಿ ಹೆಸರು.

ಕಂಪನಿಯವನು ಎದ್ದು, ಬಾಗಿಲಿನ ಯಂತ್ರ ನಂಬುವಂಥದ್ದಲ್ಲ ಎಂದ. ‘ಹಾಗಾದ್ರೆ ಬಸ್ಸಿಗೆ ಯಾಕೆ ಹಾಕಿಸಿದ್ರಿ?’ ಎಂದು ಒಬ್ಬ ಸದಸ್ಯೆ ಕೇಳಿದಳು. ಅವನು ಕಾಗದ ತಿರುವಿದ. ಆಗ ಟೀಚರಮ್ಮ ಹಾಜರಿ ಪುಸ್ತಕ ಹಿಡಿದು ಎದ್ದರು. ‘ನಲವತ್ತು ವರ್ಷ ಗಣಿತ ಹೇಳ್ಕೊಟ್ಟಿದೀನಿ. ಲೆಕ್ಕ ತಪ್ಪಿದ ಮಕ್ಕಳಿಗೆ ಒಂದು ದಿನವೂ ಹೊಡೀಲಿಲ್ಲ. ಲೆಕ್ಕ ಮುಚ್ಚಿಟ್ಟವರನ್ನ ಮಾತ್ರ ಹೊರಗೆ ನಿಲ್ಲಿಸ್ತಿದ್ದೆ. ಈ ಹುಡುಗಿ ತನ್ನ ತಪ್ಪನ್ನ ತಾನೇ ಹೊಡೆದುಹಾಕಿ ಮತ್ತೆ ಮಾಡಿದಾಳೆ. ಇವಳಿಗೆ ಪೂರ್ತಿ ಅಂಕ. ಉಳಿದವರು ಹೊರಗೆ ನಿಲ್ಲಿ.’

ಬಸ್ಸನ್ನು ಒಂದು ತಿಂಗಳೊಳಗೆ ಮತ್ತೆ ಬಿಡಬೇಕೆಂದು ನಗರಸಭೆ ಹೇಳಿದೆ. ಉಳಿದ ಮೂವತ್ತು ಮಾರ್ಗಗಳನ್ನೂ ನೋಡುತ್ತಾರಂತೆ. ಕಟ್ಟಡದ ಮಾತು ಮುಂದಕ್ಕೆ ಹೋಗಿದೆ.

ನಿನಗೆ ಏನಾಯಿತು? ನಿಜ ಬರೆ. ಸುಳ್ಳು ಸಾಕು.

ಅತ್ತಿಗೆ


ಮೇ ೧೧

ಅತ್ತಿಗೆ,

ನಿಜ ಬರೆಯುತ್ತೇನೆ. ಕೆಲಸ ಹೋಯಿತು. ಮ್ಯಾನೇಜರು ಆವತ್ತೂ ಕುರ್ಚಿ ತೋರಿಸಿ ಕೂರಿಸಿದರು. ‘ನಿಮಗೆ ಒಳ್ಳೆ ಭವಿಷ್ಯ ಇತ್ತು’ ಎಂದರು. ನನ್ನ ವಸ್ತುಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಇಳಿದೆ. ಇನ್ನೊಂದು ಕಂಪನಿಯಲ್ಲಿ ಕೇಳಿದೆ, ನನ್ನ ಹೆಸರು ಕೇಳಿದ ಕೂಡಲೇ ಆಮೇಲೆ ತಿಳಿಸುತ್ತೇವೆ ಎಂದರು. ಭಯವಾಗುತ್ತದೆ. ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಎನ್ನುವುದು ರೂಢಿಯಾಗಿಲ್ಲ. ಆದರೆ ಮೊದಲಿನ ಹಾಗೆ ಎದೆಯಲ್ಲಿ ಕಲ್ಲಿಲ್ಲ.

ನೀವು ಒಂದು ಮಾತನ್ನು ಬಿಟ್ಟು ಬರೆದಿದ್ದೀರಿ. ನಗರಸಭೆಯವರು ವಿಚಾರಣೆಯ ವಿಡಿಯೊ ಹಾಕಿದ್ದಾರೆ, ನಾನು ನೋಡಿದೆ. ಬಾಗಿಲು ತೆರೆಯಿತು. ಕೋಲಿನವರು ಮೊದಲು ಬಂದರು, ಆಮೇಲೆ ಒಬ್ಬರ ಭುಜ ಒಬ್ಬರು ಹಿಡಿದವರು, ಆಮೇಲೆ ಕುರ್ಚಿಗಳು. ನಾನು ಒಬ್ಬೊಬ್ಬರನ್ನೇ ಎಣಿಸಿದೆ. ಮೂವತ್ತೆಂಟು ಜನ. ಕೆಲಸದಲ್ಲಿದ್ದ ಆರು ವರ್ಷವೂ ಜನರನ್ನು ಎಣಿಸಿದ್ದೇನೆ ಅತ್ತಿಗೆ, ಮುಖ ನೋಡಿ ಎಣಿಸಿದ್ದು ಅದೇ ಮೊದಲು.

ಟೀಚರಮ್ಮ ಕೂತ ಮೇಲೆ ಕಂಪನಿಯವನು, ‘ಇದು ಯಾರೋ ಅಸಮಾಧಾನದ ನೌಕರರು ಬರೆದ ಪತ್ರ’ ಎಂದ. ಆಗ ಕೊನೆಯ ಸಾಲಿನಲ್ಲಿ ನೀವು ಎದ್ದಿರಿ. ರೋಗಿಯ ಜೊತೆಗಿರುವವರಿಗೆ ಆಸ್ಪತ್ರೆಯಲ್ಲಿ ಕಟ್ಟುವ ಬಣ್ಣದ ಪಟ್ಟಿ ನಿಮ್ಮ ಮಣಿಕಟ್ಟಿನಲ್ಲಿ ಇನ್ನೂ ಇತ್ತು. ಮೈಕಿನ ಹತ್ತಿರವೂ ಬರಲಿಲ್ಲ. ‘ಯಾರೋ ಅಲ್ಲ ಸ್ವಾಮಿ. ಆ ಕಾಗದ ಬರೆದವಳು ನಮ್ಮನೆ ಹುಡುಗಿ. ನಾನು ಬೆಳೆಸಿದ್ದು’ ಎಂದು ಹೇಳಿ ಕೂತಿರಿ.

ಆಗ ನೀವು ನನ್ನನ್ನು ಕ್ಷಮಿಸಿರಲಿಲ್ಲ. ಆದರೂ ನನ್ನನ್ನು ನಿಮ್ಮವಳೆಂದು ಅಷ್ಟು ಜನರ ಮುಂದೆ ಹೇಳಿದಿರಿ. ಅಂಥ ಕೆಲಸ ನನ್ನಿಂದ ಈ ಜನ್ಮದಲ್ಲಿ ಆಗುವುದೋ ಇಲ್ಲವೋ. ಆಗಲಿ ಎಂದು ಆಸೆ.

ಗುಬ್ಬಿ


ಜೂನ್ ೫

ಪ್ರೀತಿಯ ಗುಬ್ಬಿ,

ಸೋಮವಾರ ಬಸ್ಸು ಬಂತು. ಮೊದಲಿನದ್ದಲ್ಲ, ಅದಕ್ಕಿಂತ ಚಿಕ್ಕದು. ಮೊದಲು ದಿನಕ್ಕೆ ಹನ್ನೆರಡು ಓಟ ಇತ್ತು, ಈಗ ಏಳು. ಕೊಡುವಾಗಲೂ ಸ್ವಲ್ಪ ಕತ್ತರಿಸಿಯೇ ಕೊಡುತ್ತಾರೆ ನೋಡು. ಟೀಚರಮ್ಮ ಆ ಐದಕ್ಕೆ ಆಗಲೇ ಅರ್ಜಿ ಬರೆದಿದ್ದಾರೆ. ಕಸ ಗುಡಿಸುವ ಹೆಂಗಸಿಗೆ ಹಳೆಯ ಕೆಲಸ ಸಿಗಲಿಲ್ಲ, ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸೇರಿಕೊಂಡಿದ್ದಾಳೆ. ಎಲ್ಲವೂ ಸರಿಹೋಯಿತು ಎಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ.

ಆದರೆ ಆ ಬೆಳಿಗ್ಗೆ ಚೆನ್ನಾಗಿತ್ತು. ಚಾಲಕಿ ಚಿಕ್ಕ ವಯಸ್ಸಿನವಳು, ಇಳಿದು ಬಂದು ಹಲಗೆ ಹಾಕಿ ನಿನ್ನ ಅಣ್ಣನ ಕುರ್ಚಿಯನ್ನು ಹತ್ತಿಸಿದಳು. ಪಾಸಿನವರು ಒಬ್ಬೊಬ್ಬರೂ ಹತ್ತುವಾಗ ಅವಳ ಕೈಯಲ್ಲಿದ್ದ ಹೊಸ ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದಳು. ‘ಇದೇನಮ್ಮಾ?’ ಎಂದರೆ, ‘ನಿಮ್ಮನ್ನೂ ಬರ್ಕೋಬೇಕು ಅಂತ ಆರ್ಡರ್ ಬಂದಿದೆ’ ಎಂದಳು. ನಿನ್ನ ಅಣ್ಣ ಕಿಟಕಿ ಕಡೆ ತಿರುಗಿಕೊಂಡರು. ಕಣ್ಣಿಗೆ ಧೂಳು ಬಿತ್ತಂತೆ. ಕಿಟಕಿ ಮುಚ್ಚಿತ್ತು.

ಅವರಿಗೆ ನಿನ್ನ ಪಟ್ಟಿಯ ವಿಷಯವನ್ನು ವಾರ್ಡಿನಲ್ಲೇ ಹೇಳಿದ್ದೆ. ಎರಡು ದಿನ ಮಾತಾಡಲಿಲ್ಲ. ಆಮೇಲೂ ನಿನ್ನ ಹೆಸರು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಸೋಮವಾರ ಚಿಕಿತ್ಸೆ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುವಾಗ ತಾವಾಗಿಯೇ ಬಾಯಿ ಬಿಟ್ಟರು. ‘ಕೆಲಸ ಕಳ್ಕೊಂಡು ಅಲ್ಲಿ ಒಬ್ಬಳೇ ಕೂತು ಏನ್ ಮಾಡ್ತಿದಾಳೆ? ಬಾ ಅನ್ನು.’ ‘ನೀವೇ ಬರೀರಿ’ ಎಂದೆ. ‘ನಾನು ಬರೆದ್ರೆ ಬೈದುಬಿಡ್ತೀನಿ. ನೀನೇ ಬರಿ’ ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಬಂದ ಮೇಲೆ ಬಯ್ಯುವುದಂತೂ ಖಂಡಿತ, ತಯಾರಾಗಿ ಬಾ. ಹೊಲಿಗೆ ಯಂತ್ರದ ಪಕ್ಕದಲ್ಲಿ ಮಲಗಲು ಜಾಗ ಮಾಡಿದ್ದೇನೆ. ಕೆಲಸ ಇಲ್ಲಿಂದಲೂ ಹುಡುಕಬಹುದು.

ಬರುವ ದಿನ ತಿಳಿಸು. ರೈಲು ನಿಲ್ದಾಣಕ್ಕೆ ನಾವಿಬ್ಬರೂ ಬಸ್ಸಿನಲ್ಲೇ ಬರುತ್ತೇವೆ. ಭಾನುವಾರ ಮಾತ್ರ ಬರಬೇಡ, ಆವತ್ತು ಬಸ್ಸಿಲ್ಲ.

ನಿನ್ನ ಅತ್ತಿಗೆ